ಕಾಲೇಜುಗಳ ಕಾಲ್ಚೆಂಡಾಟ

ಸೋತವರು ಹೊರಬೀಳುವ ಅಂತರ-ಕಾಲೇಜು ಪಂದ್ಯಾವಳಿಯಲ್ಲಿ ಮೊದಲ ಪಂದ್ಯದಲ್ಲಿಯೇ ಎಡವಿದ ತಂಡಕ್ಕೆ ವರ್ಷದ ಆಟವೆಲ್ಲ ತೊಂಬತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಇಂಥ ಏರ್ಪಾಡಿನಿಂದ ಆಟಗಾರರು ಹುಟ್ಟುವರೆಂದು ನಿರೀಕ್ಷಿಸುವುದು ಬಿತ್ತಿದ ಮರುದಿನವೇ ರಾಗಿಯ ತೆನೆಯನ್ನು ಹುಡುಕಿದಂತೆ.

ಕೋಲಾರದ ಚಿನ್ನದ ಗಣಿಗಳ ಸೀಮೆಗೆ ಕಾಲ್ಚೆಂಡು ಹೊಸತಲ್ಲ. ಆಂಗ್ಲರ ಆಡಳಿತದ ಕಾಲದಲ್ಲಿಯೇ ಅದು ಇಲ್ಲಿ ಬೇರೂರಿತ್ತು. ನಾಡಿಗೂ ಹೊಸತಲ್ಲ. 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ನರು ಬೆಂಗಳೂರಿನವರು. ಅಂಥ ನಾಡಿಗೆ 1969ರ ತರುವಾಯ ಆ ಟ್ರೋಫಿ ಮರಳಿದ್ದು 2023ರಲ್ಲಿ! ಕಾರಣಗಳು ಹಲವು; ಕಾಲೇಜುಗಳ ಅಲಕ್ಷ್ಯವೂ ಅವುಗಳಲ್ಲೊಂದೆಂದು ನಮ್ಮ ಎಣಿಕೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಸಾವಿರಾರು ಮಂದಿ ಬೆಳಗಿನ ರೈಲನ್ನೇರಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಹೋಗುತ್ತಾರೆ; ಮರಳುವಾಗ ಕತ್ತಲಾಗಿರುತ್ತದೆ. ಸಂಜೆಯ ಮೈದಾನದಲ್ಲಿ ಹುಡುಗರಿಗೆ ಆಟ ಹೇಳಿಕೊಡಬೇಕಾದ ಹಿರಿಯರು ಆ ಹೊತ್ತಿನಲ್ಲಿ ರೈಲಿನಲ್ಲಿರುವರು. ಅವರ ಸ್ಥಾನವನ್ನು ಕಾಲೇಜೇ ತುಂಬತಕ್ಕದ್ದು.

ಬಂಗಾರಪೇಟೆ, ಕೆ.ಜಿ.ಎಫ್., ಕೋಲಾರ, ಮಾಲೂರು, ಮುಳಬಾಗಿಲುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಮ್ಮೊಳಗೆ ಸ್ವಸ್ಥಳದಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಿದರೆ ಪ್ರತಿಯೊಂದು ತಂಡಕ್ಕೂ ಎಂಟು ಪಂದ್ಯಗಳು ದೊರೆಯುವುವು. ತಗಲುವ ವೆಚ್ಚ ಬಹುತೇಕ ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ. ವಾರ್ಷಿಕೋತ್ಸವದ ಹಾರತುರಾಯಿಗಳಿಗೆ ಹಣ ಒದಗಿಸುವವರಿಗೆ ಇದು ಭಾರವಾಗಲಾರದು. ಪ್ರಾಂಶುಪಾಲರೂ ವಿಶ್ವವಿದ್ಯಾನಿಲಯದ ಕ್ರೀಡಾಧಿಕಾರಿಗಳೂ ಮುಂದಿನ ವರ್ಷದ ತರಗತಿಗಳು ತೆರೆಯುವ ಮೊದಲೇ ಪಂದ್ಯಗಳ ದಿನಗಳನ್ನು ಗೊತ್ತುಮಾಡಿ ಪ್ರಕಟಿಸಬೇಕೆಂದು ಕೋರುತ್ತೇವೆ.