ಯಂತ್ರದ ನಾಯಿಗೆ ಉತ್ತರಕ್ರಿಯೆ

ಜಪಾನಿನ ಇಸುಮಿ ಎಂಬ ಊರಿನಲ್ಲಿ ಕೋಫುಕುಜಿ ಎಂಬ ಹಳೆಯ ಬೌದ್ಧ ದೇವಾಲಯವೊಂದಿದೆ. 2018ರ ಏಪ್ರಿಲಿನಲ್ಲಿ ಅಲ್ಲಿ 114 ನಾಯಿಗಳನ್ನು ಸಾಲಾಗಿ ಇರಿಸಿ, ಅರ್ಚಕರು ಸೂತ್ರಗಳನ್ನು ಪಠಿಸಿ ಉತ್ತರಕ್ರಿಯೆ ನಡೆಸಿದರು. ಅವು ಸೋನಿ ಸಂಸ್ಥೆ 1999ರಲ್ಲಿ ಹೊರತಂದ ‘ಐಬೋ’ ಎಂಬ ಯಂತ್ರದ ನಾಯಿಗಳು. ಪ್ರತಿಯೊಂದಕ್ಕೂ ಯಾರ ಮನೆಯದೆಂಬ ಚೀಟಿ ಕಟ್ಟಿತ್ತು.

ಈ ಸುದ್ದಿಯನ್ನು ಓದಿ ನಾನು ಮೊದಲು ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆಯುಧಪೂಜೆಯ ದಿನ ಲಾರಿಗೂ ಬಸ್ಸಿಗೂ ಕುಂಕುಮವಿಟ್ಟು ಕುಂಬಳಕಾಯಿ ಒಡೆಯುವ ನಾಡಿನವನಿಗೆ ಆ ನಗೆ ಒಪ್ಪುವಂಥದಲ್ಲವೆಂದು ಆಮೇಲೆ ತೋರಿತು. ಆದರೂ ಒಂದು ಭೇದವುಂಟು. ನಮ್ಮ ಬಸ್ಸು ಕರೆದರೆ ತಿರುಗಿ ನೋಡುವುದಿಲ್ಲ, ಐಬೋ ನೋಡುತ್ತಿತ್ತು. ಕೆಲವು ವೇಳೆ ಕರೆದರೂ ಬಾರದೆ ತನ್ನ ಪಾಡಿಗೆ ತಾನಿರುತ್ತಿತ್ತು. ಬೇಕೆಂದೇ ಹಾಗೆ ರಚಿಸಿದ್ದರು. ಹೇಳಿದಂತೆ ಕೇಳುವುದನ್ನು ಉಪಕರಣವೆನ್ನುವ ನಾವು, ಒಮ್ಮೊಮ್ಮೆ ಕೇಳದಿರುವುದರಲ್ಲಿ ಮನಸ್ಸನ್ನು ಕಾಣುತ್ತೇವೆ!

ಇದು ತಿಳಿಯದವರ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು, ಗಣಕದ ಮೂಲಕ ಸಂಭಾಷಿಸುವ ‘ಎಲಿಜಾ’ ಎಂಬುದನ್ನು ರಚಿಸಿ 1966ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ನಾವು ಬರೆದುದನ್ನೇ ಬಹುಮಟ್ಟಿಗೆ ಪ್ರಶ್ನೆಯಾಗಿ ತಿರುಗಿಸುವುದಷ್ಟೆ ಅದರ ವಿದ್ಯೆ. ಅದು ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿ, ಅದರೊಡನೆ ನಾಲ್ಕು ಮಾತಾಗುವಷ್ಟರಲ್ಲಿ, ಕೊಠಡಿಯಿಂದ ಹೊರಗೆ ಹೋಗಿರೆಂದು ಅವರನ್ನೇ ಬೇಡಿಕೊಂಡಳಂತೆ. ಅದು ಬರಿಯ ಯಂತ್ರವೆಂಬ ಅರಿವು ಆಕೆಯ ಸಂಕೋಚವನ್ನು ತಡೆಯಲಿಲ್ಲ.

ಆದುದರಿಂದ ಕೋಫುಕುಜಿಗೆ ನಾಯಿಯನ್ನು ಕಳುಹಿಸಿಕೊಟ್ಟವರ ದುಃಖವನ್ನು ನಾನು ಅಣಕಿಸಲಾರೆ. ನನ್ನ ತಕರಾರು ಬೇರೆ. ಸೋನಿ ಸಂಸ್ಥೆ 2006ರಲ್ಲಿ ಆ ನಾಯಿಗಳ ತಯಾರಿಕೆಯನ್ನೂ 2014ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಗಡಿಯಾರ ಕೆಟ್ಟರೆ ಬೇರೊಂದನ್ನು ಕೊಳ್ಳುತ್ತೇವೆ. ಒಂಟಿ ಮನೆಯಲ್ಲಿ ಹತ್ತು ವರ್ಷ ಜೊತೆಗಿದ್ದುದು ಕಾಲೆಳೆಯತೊಡಗಿದರೆ ಏನು ಮಾಡುವುದು? ಮಮತೆ ಹುಟ್ಟಲೆಂದೇ ಅದಕ್ಕೆ ಬಾಲವನ್ನೂ ಕಿವಿಯನ್ನೂ ಜೋಡಿಸಿದವರು, ಹುಟ್ಟಿದ ಮಮತೆಯ ಹೊಣೆಯನ್ನು ತಮ್ಮ ಲೆಕ್ಕದಲ್ಲಿ ಬರೆದುಕೊಂಡಿರಲಿಲ್ಲ. ಇಂದು ಮಾತನಾಡುವ ಯಂತ್ರಗಳನ್ನು ವೃದ್ಧರಿಗೂ ಮಕ್ಕಳಿಗೂ ಒಡನಾಡಿಗಳೆಂದು ಮಾರುವವರನ್ನು, ಬೆಲೆ ಕೇಳುವುದಕ್ಕೆ ಮೊದಲು, ಎಷ್ಟು ಕಾಲ ನೋಡಿಕೊಳ್ಳುವಿರೆಂದು ಕೇಳಬೇಕಾಗಿದೆ.

ಐಬೋಗಳನ್ನು ಕೊನೆಗೆ ನೋಡಿಕೊಂಡವರು ಸೋನಿಯಲ್ಲಿ ಹಿಂದೆ ಕೆಲಸಮಾಡಿದ್ದ ಕೆಲವರು ತಂತ್ರಜ್ಞರು. ಹೊಸ ಬಿಡಿಭಾಗಗಳು ಸಿಕ್ಕುತ್ತಿರಲಿಲ್ಲ. ಉತ್ತರಕ್ರಿಯೆ ಮುಗಿದ ನಾಯಿಗಳಿಂದ ಬೇಕಾದ ಭಾಗಗಳನ್ನು ಬಿಚ್ಚಿಕೊಂಡು, ಇನ್ನೂ ಯಾರದೋ ಮನೆಗೆ ಹಿಂದಿರುಗಬೇಕಾಗಿದ್ದ ನಾಯಿಗಳಿಗೆ ಅವರು ಜೋಡಿಸಿದರು.