ಕಂಪ್ಯೂಟರ್ ಕೆಟ್ಟಾಗ ಅಪ್ಪ ನನಗ್ಯಾಕೆ ಫೋನ್ ಮಾಡಲಿಲ್ಲ?

ಕರೆಂಟ್ ಹೋಗಿದ್ದಕ್ಕೆ ನಾನು ಜೀವನದಲ್ಲಿ ಒಂದೇ ಒಂದು ಸಲ ಖುಷಿಪಟ್ಟಿದ್ದೇನೆ. ಅದು ಕಳೆದ ಮಳೆಗಾಲದ ಕತೆ.

ಸಾಗರದ ಹತ್ತಿರ ನಮ್ಮ ಊರು. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಹತ್ತು ವರ್ಷ ಹಳೇ ಡೆಸ್ಕ್‌ಟಾಪ್ ಒಂದಿದೆ. ತೋಟದ ಲೆಕ್ಕ, ದೇವಸ್ಥಾನದ ಕಮಿಟಿಯ ಪತ್ರ, ನುಡಿಯಲ್ಲಿ ಟೈಪ್ ಮಾಡಿಟ್ಟ ಊರಿನ ಹಳೇ ಸಂಗತಿಗಳು, ಎಲ್ಲ ಅದರಲ್ಲೇ. ಆವತ್ತು ಪಹಣಿ ನೋಡೋಣ ಅಂತ ಯಾವುದೋ ಸೈಟಿಗೆ ಹೋಗಿದ್ದಾರೆ. ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಅಕ್ಷರ, ಜೊತೆಗೆ ಕೀಂ ಕೀಂ ಅಂತ ಸದ್ದು. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಬ್ಯಾಂಕ್ ವಿವರ ಸೋರಿಹೋಗುತ್ತಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಅಂತ.

ಅಪ್ಪ ಮಾಡಿದರು.

ಆ ಕಡೆಯವನು ಮೊದಲು ಒಂದು ಆ್ಯಪ್ ಹಾಕಿಸಿದ. ಆಮೇಲೆ ಮೌಸ್ ತನ್ನಷ್ಟಕ್ಕೇ ಓಡಾಡೋಕೆ ಶುರುವಾಯಿತು. ಯಾವುದೋ ಪಟ್ಟಿ ತೆರೆದು, ಅದರಲ್ಲಿದ್ದ ಕೆಂಪು ಗುರುತುಗಳನ್ನೆಲ್ಲ ತೋರಿಸಿ, ಇವೆಲ್ಲ ವೈರಸ್ ಸರ್ ಅಂದ. 8,900 ರೂಪಾಯಿ ಕಟ್ಟಿದರೆ ಮೂರು ವರ್ಷ ಚಿಂತೆಯಿಲ್ಲ ಅಂದ. ಅಪ್ಪ ನೆಟ್ ಬ್ಯಾಂಕಿಂಗ್ ಪುಟ ತೆರೆದು ಯೂಸರ್ ಐಡಿ ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು.

ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಮುಂದಿನ ಸಲ ಬಂದಾಗ ಹಾಕಿಸ್ತೀನಿ ಅಂತ ನಾನೇ ಮುಂದೂಡುತ್ತಾ ಬಂದಿದ್ದೆ. ನಮ್ಮೂರಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಹೋಗುತ್ತದೆ. ಕಾಲ್ ಕಟ್ ಆಯಿತು. ನನ್ನ ಸೋಮಾರಿತನ ಆವತ್ತು ಅಪ್ಪನ ಪಿಂಚಣಿ ಹಣ ಉಳಿಸಿತು.

ಶನಿವಾರ ಬೆಳಿಗ್ಗೆ ಊರಲ್ಲಿದ್ದೆ. "ನಂಗೊಂದು ಫೋನ್ ಮಾಡೋಕೆ ಏನಾಗಿತ್ತಪ್ಪ?" ಅಂದೆ. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ.

"ನಿಂಗೆ ಮಾಡಿದ್ರೆ ಬೈತೀಯಲ್ಲೇ," ಅಂದರು ಅಮ್ಮ. "ಹೋದ್ ಸಲ 'ನೂರು ಸಲ ಹೇಳಿದೀನಿ, ಅಷ್ಟೂ ಗೊತ್ತಾಗಲ್ವಾ' ಅಂದ್ಯಲ್ಲ. ಆಮೇಲೆ ಅವ್ರು ಕಂಪ್ಯೂಟರ್ ವಿಷ್ಯಕ್ಕೆ ನಿಂಗೆ ಫೋನ್ ಮಾಡಿದ್ದುಂಟಾ? ಆ ಮನುಷ್ಯ ಒಂದು ಗಂಟೆ 'ಸರ್, ಸರ್' ಅಂತ ಸಮಾಧಾನವಾಗಿ ಮಾತಾಡಿದ್ನಂತೆ."

ಕಳ್ಳನಿಗಿದ್ದ ತಾಳ್ಮೆ ನನಗಿರಲಿಲ್ಲ. ಆ ಮಾತು ಇನ್ನೂ ಚುಚ್ಚುತ್ತಿದೆ. ಹಾಗಾಗಿ ಈ ಸಲದ ಅಂಕಣ ನನ್ನಂಥವರಿಗೆ. ಮೀಟಿಂಗ್ ಮಧ್ಯೆ ಊರಿಂದ ಫೋನ್ ಬಂದು "ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂದಾಗ ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಅನ್ನೋದು.

ಮೊದಲ ಪ್ರಶ್ನೆ: ಎಲ್ಲಿವರೆಗೆ ಬರ್ತಿದೆ?

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ವೈರಸ್ ಅಂತಲೇ ಹೆಸರು. ಲೆಕ್ಕ ಹಾಕಿದರೆ ಐದು ವರ್ಷದಲ್ಲಿ ನಿಜವಾದ ವೈರಸ್ ಬಂದಿದ್ದು ಒಂದೇ ಸಲ. ಉಳಿದಿದ್ದೆಲ್ಲ ಧೂಳು, ತೇವ, ಬ್ಯಾಟರಿ, ಇರುವೆ.

ವೈರಸ್ ಅನ್ನೋದು ಒಂದು ಪ್ರೋಗ್ರಾಂ. ಅದು ಆಟ ತೋರಿಸಬೇಕಾದರೆ ಸಾಮಾನ್ಯವಾಗಿ ವಿಂಡೋಸ್ ಶುರುವಾಗಿರಬೇಕು. ಬಟನ್ ಒತ್ತಿದರೂ ಲೈಟ್ ಬರ್ತಿಲ್ಲ, ಫ್ಯಾನ್ ತಿರುಗ್ತಿದೆ ಆದರೆ ಪರದೆ ಕಪ್ಪು, ಕಂಪನಿ ಲೋಗೋದಲ್ಲೇ ನಿಂತಿದೆ ಅಂದರೆ ಬಹುತೇಕ ಹಾರ್ಡ್‌ವೇರ್ ತೊಂದರೆ. ಡೆಸ್ಕ್‌ಟಾಪ್ ಬಂದ ಮೇಲೆ ಏನೇನೋ ತೆರೆದುಕೊಳ್ತಿದೆ ಅಂದರೆ ಮಾತ್ರ ವೈರಸ್ ಅಂತ ಅನುಮಾನ ಪಡಿ.

ಲೈಟೇ ಬರ್ತಿಲ್ಲವಾ?

ಯುಪಿಎಸ್ ಬಿಟ್ಟು ಸಿಪಿಯು ವೈರನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಲು ಹೇಳಿ. ಅಲ್ಲಿ ಆನ್ ಆದರೆ ತಪ್ಪು ಯುಪಿಎಸ್‌ನದ್ದು. ಅದರ ಬ್ಯಾಟರಿ ಸುಮಾರು ಮೂರು ವರ್ಷಕ್ಕೆ ಸೋಲುತ್ತದೆ. ಆಗಲೂ ಆನ್ ಆಗದಿದ್ದರೆ ಸಿಪಿಯು ಹಿಂದೆ, ವೈರ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ ಸಣ್ಣ ಸ್ವಿಚ್ ಇದ್ದರೆ ನೋಡಿಸಿ. ಕಸ ಗುಡಿಸುವಾಗ ಅದು ಆಫ್ ಆಗಿರುವುದುಂಟು. ಅದೂ ಸರಿಯಿದ್ದರೆ ಎಸ್‌ಎಂಪಿಎಸ್ ಹೋಗಿರಬಹುದು. ಆ ಡಬ್ಬವನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಅಂಗಡಿಯವರಿಗೇ ಬಿಡಿ.

ಫ್ಯಾನ್ ತಿರುಗ್ತಿದೆ, ಪರದೆ ಕಪ್ಪು

ಮೊದಲು ಮಾನಿಟರ್ ವೈರ್ ಎರಡೂ ತುದಿಯಲ್ಲಿ ಗಟ್ಟಿಯಾಗಿದೆಯಾ ನೋಡಲು ಹೇಳಿ. ಗಟ್ಟಿಯಿದ್ದರೆ ಮುಂದಿನ ಅನುಮಾನ ರ‍್ಯಾಮ್ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ನನಗೆ ಬರುವ ಫೋನ್ ಹೆಚ್ಚಾಗಿ ಇದರದ್ದೇ. ತೇವಕ್ಕೆ ರ‍್ಯಾಮ್ ಪಟ್ಟಿಯ ಹೊಂಬಣ್ಣದ ಅಂಚಿನಲ್ಲಿ ಮಸುಕು ಕೂರುತ್ತದೆ, ಸಂಪರ್ಕ ಸರಿಯಾಗಿ ಸಿಗಲ್ಲ. ಕೆಲವು ಕಂಪ್ಯೂಟರ್ ಇದಕ್ಕೆ ಬೀಪ್ ಬೀಪ್ ಅಂತ ಕೂಗುವುದೂ ಇದೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಸಿಪಿಯು ಪಕ್ಕದ ಬಾಗಿಲು ತೆಗೆದು, ಒಳಗಿನ ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಬೇಕು. ಮೈಮೇಲಿನ ಸ್ಟ್ಯಾಟಿಕ್ ಇಳಿಯಲಿ ಅಂತ. ರ‍್ಯಾಮ್ ಪಟ್ಟಿಯ ತುದಿಯ ಕ್ಲಿಪ್ ಒತ್ತಿದರೆ ಪಟ್ಟಿ ಮೇಲೆ ಬರುತ್ತದೆ. ಪೆನ್ಸಿಲ್ ರಬ್ಬರಿನಿಂದ ಹೊಂಬಣ್ಣದ ಅಂಚನ್ನು ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ಹಾಗೆ ವಾಪಸ್ ಕೂರಿಸಬೇಕು. ಅಪ್ಪ ಇದನ್ನು ವಿಡಿಯೋ ಕಾಲ್‌ನಲ್ಲಿ ಒಂದೇ ಸಲಕ್ಕೆ ಮಾಡಿದರು. ನಲವತ್ತು ವರ್ಷ ಸೈಕಲ್ ತಾವೇ ರಿಪೇರಿ ಮಾಡಿಕೊಂಡ ಕೈ ಅದು.

"ಯಾವ ಸೈಟೂ ತೆರೀತಿಲ್ಲ, ಅಪಾಯ ಅಂತ ಬರ್ತಿದೆ"

ಗಾಬರಿಯಾಗದೆ, ಕೆಳಗೆ ಬಲಗಡೆ ತಾರೀಕು ಎಷ್ಟಿದೆ ಅಂತ ಕೇಳಿ. ಹತ್ತು ವರ್ಷ ಹಿಂದಿನದ್ದಿದ್ದರೆ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಖಾಲಿ. ಕಂಪ್ಯೂಟರ್ ಆಫ್ ಆದಾಗ ಗಡಿಯಾರ ನಡೆಸುವುದು ಅದೇ. ಪ್ರತಿ ಸೈಟಿನ ಸುರಕ್ಷತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ತಾರೀಕು ತಪ್ಪಿದರೆ ಬ್ರೌಸರ್ ನಂಬಲ್ಲ, ಎಚ್ಚರಿಕೆ ತೋರಿಸುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032, ನಾಣ್ಯದಂಥ 3 ವೋಲ್ಟ್ ಸೆಲ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇದನ್ನೂ ನಮ್ಮನೆಯಲ್ಲಿ ಎರಡು ತಿಂಗಳು ವೈರಸ್ ಅಂತಲೇ ಕರೆದಿದ್ದೆವು.

ಅರ್ಧ ಗಂಟೆಗೆ ಆಫ್ ಆಗುತ್ತೆ, ಇಲ್ಲಾ ತುಂಬಾ ನಿಧಾನ

ತಾನಾಗಿ ಆಫ್ ಆದರೆ ಬಿಸಿ ಕಾರಣ ಇರಬಹುದು. ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ ಧೂಳು ಹತ್ತಿಯ ಹಾಗೆ ಕಟ್ಟಿರುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು, ಒಣ ಪೇಂಟಿಂಗ್ ಬ್ರಶ್‌ನಿಂದ ತೆಗೆಯಬೇಕು. ನಮ್ಮ ಸಿಪಿಯುನಲ್ಲಿ ಒಂದು ಸಲ ಇರುವೆ ಗೂಡೇ ಇತ್ತು.

ನಿಧಾನ ಅಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿಸಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಡಿಸ್ಕ್ 100% ಅಂತಲೇ ನಿಂತಿದ್ದರೆ ಹಳೇ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿರಬಹುದು. ಹಳೇ ಯಂತ್ರಕ್ಕೆ ನೀವು ಮಾಡಬಹುದಾದ ಅತ್ಯುತ್ತಮ ಖರ್ಚು ಅಂದರೆ ಅದರ ಬದಲು ಒಂದು ಎಸ್‌ಎಸ್‌ಡಿ.

ಆದರೆ ಡಿಸ್ಕಿನಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಅಂದರೆ ಸ್ಕ್ಯಾನು, ಫಾರ್ಮ್ಯಾಟು ಯಾವುದೂ ಬೇಡ. ಮೊದಲು ಮುಖ್ಯ ಫೈಲ್ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಇನ್ನೊಂದು ಸಿಗುತ್ತದೆ, ಅಪ್ಪ ಬರೆದಿದ್ದು ಸಿಗಲ್ಲ.

ಈಗ ನಿಜವಾದ ವೈರಸ್

ಅಪ್ಪ ನೋಡಿದ ಕೆಂಪು ಪರದೆ ವೈರಸ್ ಅಲ್ಲ, ಒಂದು ವೆಬ್ ಪುಟ ಅಷ್ಟೇ. ಪರದೆ ತುಂಬಿಕೊಂಡು ಹೆದರಿಸುತ್ತದೆ. ಎಸ್ಕೇಪ್ ಅಥವಾ ಎಫ್11 ಒತ್ತಿದರೆ ಚಿಕ್ಕದಾಗಬಹುದು, ಆಲ್ಟ್ ಮತ್ತು ಎಫ್4 ಒತ್ತಿದರೆ ಮುಚ್ಚಬಹುದು. ಯಾವುದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿಬಿಡಿ. ಮತ್ತೆ ಬ್ರೌಸರ್ ತೆರೆದಾಗ ಹಳೇ ಪುಟ ತೆರೆಯಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಆ ಕಂಪನಿಯೇ ಹೇಳಿದೆ. ನಂಬರ್ ಕಂಡರೆ ಅದು ಮೋಸ. ಮನೆಯವರಿಗೆ ಇದೊಂದನ್ನು ಹೇಳಿಕೊಟ್ಟರೂ ಸಾಕು.

ಹಾಗಂತ ವೈರಸ್ ಜೊತೆ ಫೋನ್ ನಂಬರ್ ಬರೋದು ಹೊಸದೇನಲ್ಲ. ಐಬಿಎಂ ಪಿಸಿಗಳ ಮೊದಲ ವೈರಸ್ ಅಂತ ಕರೆಯಲಾಗುವ 'ಬ್ರೇನ್' 1986ರದ್ದು. ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಅನ್ನೋ ಅಣ್ಣತಮ್ಮಂದಿರು ಬರೆದಿದ್ದು, ಫ್ಲಾಪಿಗಳಲ್ಲಿ ಹರಡಿತು. ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಹಾಕಿ, ಲಸಿಕೆಗೆ ಸಂಪರ್ಕಿಸಿ ಅಂತ ಬರೆದಿದ್ದರು. ತಮ್ಮ ಸಾಫ್ಟ್‌ವೇರ್ ಕದಿಯುವುದನ್ನು ತಡೆಯೋಕೆ ಮಾಡಿದ್ದು ಅನ್ನೋದು ಅವರ ವಿವರಣೆ. ಅವರು ಕೊಟ್ಟಿದ್ದು ಸ್ವಂತ ವಿಳಾಸ. ಈಗಿನವರು ಬಚ್ಚಿಟ್ಟುಕೊಂಡು ನಂಬರ್ ಕೊಡುತ್ತಾರೆ.

ಇನ್ನು ಮೂಲೆಯಲ್ಲಿ ದಿನವಿಡೀ "ವೈರಸ್ ಇದೆ" ಅಂತ ಚೀಟಿ ಇಣುಕುತ್ತಿದ್ದರೆ, ಯಾವುದೋ ಸೈಟಿಗೆ 'ಅಲೋ' ಒತ್ತಿರುತ್ತಾರೆ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಪಟ್ಟಿ ತೆರೆದು, ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆಯಿರಿ. ಹಾಗೇ ಎಕ್ಸ್‌ಟೆನ್ಶನ್ ಪಟ್ಟಿಯನ್ನೂ ನೋಡಿ.

ನಮ್ಮನೆಗೆ ಬಂದ ಒಂದೇ ಅಸಲಿ ವೈರಸ್, ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನದ್ದು. ಫೈಲುಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್. ಅಪ್ಪ ಎಲ್ಲಾ ಹೋಯ್ತು ಅಂದುಕೊಂಡಿದ್ದರು. ಇಂಥ ವೈರಸ್ ಸಾಮಾನ್ಯವಾಗಿ ಫೈಲ್ ಅಳಿಸಲ್ಲ, ಅಡಗಿಸಿಡುತ್ತದೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೆ ವೈರಸ್ಸನ್ನು ನಾವೇ ಎಬ್ಬಿಸಿದ ಹಾಗೆ. ಫಾರ್ಮ್ಯಾಟ್ ಮಾಡಲೂ ಬೇಡಿ. ಮೊದಲು ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಅಡಗಿದ ಫೈಲ್ ತೋರಿಸುವ ಆಯ್ಕೆ ಆನ್ ಮಾಡಿ, ಸಿಸ್ಟಂ ಫೈಲ್ ಮುಚ್ಚಿಡುವ ಆಯ್ಕೆ ಆಫ್ ಮಾಡಿದರೆ ಕಾಣಿಸುತ್ತವೆ.

ಸ್ಕ್ಯಾನಿಗೆ ಹೊಸದೇನೂ ಕೊಳ್ಳಬೇಕಿಲ್ಲ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಇದ್ದೇ ಇದೆ. ಹಟಮಾರಿ ವೈರಸ್ಸಿಗೆ ಅದರ ಆಫ್‌ಲೈನ್ ಸ್ಕ್ಯಾನ್ ಒಳ್ಳೆಯದು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು ಹದಿನೈದು ನಿಮಿಷ. ಎರಡೆರಡು ಆ್ಯಂಟಿವೈರಸ್ ಹಾಕಿದರೆ ಜಗಳವೇ ಜಾಸ್ತಿ. ನೆನಪಿರಲಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಊರಿನ ಕಂಪ್ಯೂಟರ್ 11ಕ್ಕೆ ಏರುತ್ತದಾ ಅಂತ ಒಮ್ಮೆ ನೋಡಿ.

ಫೋನ್ ಮಾಡಿಯೇಬಿಟ್ಟಿದ್ದರೆ?

ಮೊದಲು ಇಂಟರ್ನೆಟ್ ವೈರ್ ಕೀಳಿ. ಅವನು ಹಾಕಿಸಿದ ಆ್ಯಪ್ ತೆಗೆದು, ಆಫ್‌ಲೈನ್ ಸ್ಕ್ಯಾನ್ ಮಾಡಿ. ಈಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಆ ಕಂಪ್ಯೂಟರಿನಿಂದ ಬೇಡ. ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇಲ್ಲೇ ನಮ್ಮ ಬೈಗುಳ ದುಬಾರಿಯಾಗೋದು. ಮಕ್ಕಳಿಗೆ ಹೇಳೋಕೆ ನಾಚಿಕೆಪಟ್ಟು ಹಿರಿಯರು ಎರಡು ದಿನ ಸುಮ್ಮನಿದ್ದರೆ, ಆ ಎರಡು ದಿನ ಕಳ್ಳನಿಗೆ ಸಾಕು.

ಆವತ್ತು ಇದಿಷ್ಟನ್ನೂ ಅಪ್ಪನ ಜೊತೆ ಕೂತು ಮಾಡಿದೆ. ಪಾಸ್‌ವರ್ಡ್ ಬದಲಿಸಿದ್ದು ಅಮ್ಮನ ಫೋನಿನಲ್ಲಿ. ಹೊಸ ಯುಪಿಎಸ್ ಬ್ಯಾಟರಿಯೂ ಬಂತು. ಹೊರಡುವ ಮೊದಲು "ಬೈದಿದ್ದು ತಪ್ಪಾಯ್ತಪ್ಪ" ಅಂದೆ. ಅಪ್ಪ ಏನೂ ಹೇಳದೆ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗ್ ಹಿಡಿದುಕೊಂಡು ಬಂದರು.

ಕಳೆದ ವಾರ ಮೀಟಿಂಗ್‌ನಲ್ಲಿದ್ದಾಗ ಫೋನ್ ಬಂತು. ಹೊರಗೆ ಬಂದು ಎತ್ತಿದೆ.

"ಬಿಜಿ ಇದ್ಯಾ ಮಗಳೇ? ಕೀಬೋರ್ಡಲ್ಲಿ ನಂಬರ್ ಒತ್ತಿದ್ರೆ ಬರ್ತಾ ಇಲ್ಲ. ವೈರಸ್ ಇರ್ಬೋದಾ?"

"ಇಲ್ಲಪ್ಪ, ಬಿಜಿ ಇಲ್ಲ. ಬಲಗಡೆ ನಮ್ ಲಾಕ್ ಅಂತ ಒಂದು ಬಟನ್ ಇದೆ ನೋಡು..."