ಮುಖ ಅವರದು, ಕ್ಯಾಮೆರಾ ಮಾತ್ರ ನಮ್ಮದು



ಭಾನುವಾರ ಫ್ರೀಮಾಂಟ್‌ನ ಸಂತೆಗೆ ಹೋದರೆ ನಮ್ಮ ಸಂಘದವರ ಮೂರು ನಾಲ್ಕು ಕ್ಯಾಮೆರಾಗಳಾದರೂ ಎದುರಾಗುತ್ತವೆ. ಸಂತೋಷ. ಅಪರಿಚಿತರ ಮುಖವನ್ನು, ಅವರು ಪೋಸು ಕೊಡುವ ಮೊದಲೇ, ಇದ್ದ ಬೆಳಕಿನಲ್ಲೇ ಹಿಡಿಯುವುದು ದೊಡ್ಡ ಕಲೆ. ಅದನ್ನು ನಿಲ್ಲಿಸಿ ಎನ್ನುವವನು ನಾನಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಬೀದಿಗೆ ಇಳಿಯದೇ ಇದ್ದಿದ್ದರೆ ನಮ್ಮ ಸಾಮಾನ್ಯ ಜನರ ಬದುಕು ಎಷ್ಟೋ ಕಣ್ಮರೆಯಾಗುತ್ತಿತ್ತು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೂ ಹೋದವು.

ನನ್ನ ತಕರಾರು ಉದ್ದನೆಯ ಲೆನ್ಸಿನ ಮೇಲೆ. ರಸ್ತೆಯ ಆಚೆ ಬದಿಯಲ್ಲಿ ನಿಂತು, 200 ಮಿ.ಮೀ. ಜೂಮಿನಲ್ಲಿ ಒಬ್ಬ ಮುದುಕನ ಮುಖದ ಸುಕ್ಕು ಎಣಿಸಿ, ಆತ ತಲೆ ಎತ್ತುವುದರೊಳಗೆ ಕಾಲು ಕೀಳುತ್ತೇವಲ್ಲ, ಅದಕ್ಕೆ ಕಲೆ ಎಂಬ ಹೆಸರು ಬೇಡ. 50 ಮಿ.ಮೀ. ಲೆನ್ಸ್ ಹಾಕಿದರೆ ಐದಾರು ಅಡಿ ಹತ್ತಿರ ಹೋಗಲೇಬೇಕು. ಅಷ್ಟು ಹತ್ತಿರದಲ್ಲಿ ಆತ ನಗಬಹುದು, ಬೈಯಬಹುದು, ಬೇಡ ಎನ್ನಬಹುದು. ದೂರದ ಜೂಮು ಆ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ.

ಬೆಳಕಿನ ನೆಪವೂ ಇಲ್ಲಿ ನಡೆಯದು. ನಮ್ಮೂರಿನ ಮೋಡವೇ ಆಕಾಶದ ತುಂಬ ಕಟ್ಟಿದ ಬಿಳಿ ಪರದೆ. ಕಣ್ಣ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಮೋಡದ ಹಗಲಿನಲ್ಲೂ ಐ.ಎಸ್.ಒ. 400 ಇಟ್ಟರೆ ಎಫ್/8, 1/250 ಸೆಕೆಂಡು ಸಾಕು. ಬಿಸಿಲು ಜೋರಾದರೆ ಅರೋರಾ ಸೇತುವೆಯ ನೆರಳಿನ ಅಂಚಿದೆ. ಇನ್ನೊಂದು ಮಾತು: ಫ್ಲ್ಯಾಶ್ ಹೊಡೆದರೆ ಎದುರಿನವರಿಗೆ ಗೊತ್ತಾದರೂ ಆಗುತ್ತದೆ. ಸಹಜ ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ತೆಗೆಯುವವರ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

“ಸಾರ್ವಜನಿಕ ಜಾಗ ಸ್ವಾಮಿ, ಕಾನೂನೇ ಬಿಡುತ್ತದೆ” ಎನ್ನುವವರಿದ್ದಾರೆ. ಬಿಡುತ್ತದೆ, ನಿಜ. ಆದರೆ ಇದೇ ವಾಷಿಂಗ್ಟನ್ ರಾಜ್ಯದಲ್ಲಿ ಹೆಂಗಸರ ಲಂಗದಡಿ ಕ್ಯಾಮೆರಾ ಹಿಡಿದ ಇಬ್ಬರ ಶಿಕ್ಷೆಯನ್ನು 2002ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ರದ್ದು ಮಾಡಬೇಕಾಯಿತು. ಆಗಿನ ಕಾನೂನು ಸಾರ್ವಜನಿಕ ಸ್ಥಳಕ್ಕೆ ಅನ್ವಯಿಸುತ್ತಿರಲಿಲ್ಲ. ಶಾಸನಸಭೆ ಅದನ್ನು ತಿದ್ದಿದ್ದು 2003ರಲ್ಲಿ. ಮಧ್ಯದ ಆ ತಿಂಗಳುಗಳಲ್ಲಿ ಆ ಕೆಲಸ ಮರ್ಯಾದೆಯದ್ದಾಗಿತ್ತೇ? ಕಾನೂನು ಮರ್ಯಾದೆಯ ಹಿಂದೆ ಕುಂಟುತ್ತಾ ಬರುತ್ತದೆ. ಅದು ಬರುವವರೆಗೆ ಕಾಯುವ ಅಗತ್ಯ ನಮಗೇನಿಲ್ಲ.

ಸೇತುವೆಯಡಿಯ ಟ್ರೋಲ್, 1995ರಿಂದ ಫ್ರೀಮಾಂಟ್‌ನಲ್ಲಿರುವ ಲೆನಿನ್, ಬಾರದ ರೈಲಿಗೆ ಕಾಯುತ್ತಿರುವ ಅಲ್ಯುಮಿನಿಯಂ ಜನ, ಇವರನ್ನು ಎಷ್ಟು ದೂರದಿಂದ ಬೇಕಾದರೂ ತೆಗೆಯಿರಿ. ಅವರು ಮಾತಾಡುವುದಿಲ್ಲ. ಆದರೆ ಕಂಬಳಿ ಹೊದ್ದು ಫುಟ್‌ಪಾತಿನಲ್ಲಿ ಮಲಗಿದವನಿಗೆ ಮರೆಯಾಗಲು ಗೋಡೆಯಿಲ್ಲ, ಹಾಕಿಕೊಳ್ಳಲು ಬಾಗಿಲಿಲ್ಲ. ನಿದ್ದೆಯಲ್ಲಿರುವವನು ಬೇಡ ಎನ್ನಲಾರ. ಬೇಡ ಎನ್ನಲಾರದವರ ಚಿತ್ರ ನಮಗೂ ಬೇಡ.

“ಮೊದಲೇ ಕೇಳಿದರೆ ಸಹಜತೆ ಹೋಗುತ್ತದೆ” ಎಂಬುದು ಇನ್ನೊಂದು ವಾದ. ಒಪ್ಪಿದೆ. ಹಾಗಾದರೆ ಮೊದಲು ತೆಗೆಯಿರಿ, ಕೂಡಲೇ ಹತ್ತಿರ ಹೋಗಿ ತೋರಿಸಿ. ಬೇಡ ಎಂದರೆ ಅವರೆದುರೇ ಅಳಿಸಿ. ಫಿಲ್ಮಿನ ಕಾಲದಲ್ಲಿ ರೋಲು ತೊಳೆಯುವವರೆಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಈಗ ಕ್ಯಾಮೆರಾದ ಬೆನ್ನಿಗೇ ಪರದೆ ಇದೆ, ಇನ್ನೆಂಥ ಸಬೂಬು?

ನನಗೆ ಎಲ್ಲಕ್ಕಿಂತ ಚುಚ್ಚುವುದು ನಾವು ಇಟ್ಟುಕೊಂಡಿರುವ ಎರಡು ಅಳತೆಗೋಲು. ಫ್ರೀಮಾಂಟ್‌ನಲ್ಲಿ ಸೂಟು ತೊಟ್ಟವನ ಮುಂದೆ ಕ್ಯಾಮೆರಾ ಎತ್ತಲು ಕೈ ನಡುಗುತ್ತದೆ. ಅದೇ ಬೇಸಿಗೆ ರಜೆಗೆ ಊರಿಗೆ ಹೋದಾಗ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಅಜ್ಜಿಯ ಮುಖಕ್ಕೆ ಕೇಳದೆ ಕೇಳದೆ ಹತ್ತು ಸಲ ಕ್ಲಿಕ್ಕಿಸುತ್ತೇವೆ. ಅಜ್ಜಿ ಬಡವಳು, ಬೈದರೂ ಪೊಲೀಸರನ್ನು ಕರೆಯುವುದಿಲ್ಲ ಎಂಬ ಧೈರ್ಯ! ಇಲ್ಲಿ ಭಾಷೆ ತಡವರಿಸುತ್ತದೆ ಎನ್ನೋಣ. ಅಲ್ಲಿ? “ಅಜ್ಜಿ, ಒಂದು ಫೋಟೋ ತಗೊಂಡೆ, ನೋಡ್ತೀರಾ?” ಎನ್ನಲು ಕನ್ನಡ ಬರುವುದಿಲ್ಲವೇ? ಆ ಒಂದು ಮಾತಿಗೂ ಕನ್ನಡ ಬಳಕೆಯಾಗದಿದ್ದರೆ ಇಲ್ಲಿ ಕನ್ನಡ ಸಂಘ ಕಟ್ಟಿಕೊಂಡು ಏನು ಉಳಿಸುತ್ತಿದ್ದೇವೆ?

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಬೇಡಿಕೆ ಇದು. ರಾಜ್ಯೋತ್ಸವದ ಚಿತ್ರ ಪ್ರದರ್ಶನಕ್ಕೆ ಯಾರದೇ ಮುಖ ತೂಗುಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿ: “ಇವರು ಈ ಚಿತ್ರ ನೋಡಿದ್ದಾರೆಯೇ?” ಇಲ್ಲ ಎಂದಾದರೆ ಆ ಮೊಳೆ ಖಾಲಿ ಇರಲಿ. ಫ್ರೀಮಾಂಟ್‌ಗೂ ಮೈಸೂರಿಗೂ ಇದೊಂದೇ ನಿಯಮ.

ಒಪ್ಪದವರು ದಯವಿಟ್ಟು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ಜಗಳವಾಡೋಣ, ಕನ್ನಡದಲ್ಲೇ ಆಡೋಣ.